‘ಫುಲ್ ಇನ್ಶೂರೆನ್ಸ್’ ಅನ್ನೋ ಮಾತು ಬಿಡಿ, ಎಕ್ಸೆಸ್ ಎಷ್ಟು ಅಂತ ಕೇಳಿ

ಪ್ರಶ್ನೆ: ಮುಂದಿನ ತಿಂಗಳು ನಾವು ನಾಲ್ಕು ಜನ ವಿದೇಶಕ್ಕೆ ಹೋಗುತ್ತಿದ್ದೇವೆ. ಹತ್ತು ದಿನಕ್ಕೆ ಕಾರು ಬುಕ್ ಮಾಡಿದ್ದೇವೆ. ಬುಕಿಂಗ್‌ನಲ್ಲಿ ‘ವಿಮೆ ಸೇರಿದೆ’ ಎಂದಿದೆ. ಹಿಂದಿನ ಸಲವೂ ಹಾಗೇ ಇತ್ತು. ಆದರೆ ಕೌಂಟರಿನಲ್ಲಿ ‘ಅದು ಸಾಲದು, ಇದನ್ನೂ ತಗೊಳ್ಳಿ’ ಎಂದು ಹೆದರಿಸಿ ಹೆಚ್ಚುಕಡಿಮೆ ಬಾಡಿಗೆಯಷ್ಟೇ ದುಡ್ಡು ಮತ್ತೆ ಕಿತ್ತರು. ನಮ್ಮ ಹತ್ತಿರ ಟ್ರಾವೆಲ್ ಇನ್ಶೂರೆನ್ಸ್ ಇದೆ. ಕ್ರೆಡಿಟ್ ಕಾರ್ಡಿನಲ್ಲೂ ಬಾಡಿಗೆ ಕಾರಿಗೆ ಕವರ್ ಇದೆಯಂತೆ. ಇಷ್ಟೆಲ್ಲ ಇದ್ದರೂ ಮತ್ತೆ ಕೊಳ್ಳಬೇಕಾ?

ಉತ್ತರ: ಮೊದಲು ಎರಡು ವಿಷಯ ಬೇರೆ ಮಾಡಿಕೊಳ್ಳಿ. ನೀವು ಓಡಿಸುವ ಕಾರಿಗೆ ಏಟಾದರೆ ದುಡ್ಡು ಯಾರದು ಅನ್ನೋದು ಒಂದು. ನಿಮ್ಮ ಕಾರು ಇನ್ನೊಬ್ಬರಿಗೆ ಗುದ್ದಿದರೆ ದುಡ್ಡು ಯಾರದು ಅನ್ನೋದು ಇನ್ನೊಂದು. ಕೌಂಟರಿನಲ್ಲಿ ಎಲ್ಲರೂ ತಲೆ ಕೆಡಿಸಿಕೊಳ್ಳುವುದು ಮೊದಲನೆಯದಕ್ಕೆ. ಮನೆ ಮಾರಿಸುವುದು ಮಾತ್ರ ಎರಡನೆಯದು.

ಮೊದಲನೆಯದಕ್ಕೆ ಕಾಗದದಲ್ಲಿರುವ ಹೆಸರು ಕೊಲಿಶನ್ ಡ್ಯಾಮೇಜ್ ವೇವರ್, ಚಿಕ್ಕದಾಗಿ ಸಿಡಿಡಬ್ಲ್ಯು. ಸರಿಯಾಗಿ ಹೇಳಬೇಕೆಂದರೆ ಇದು ವಿಮೆಯೇ ಅಲ್ಲ. ‘ಕಾರಿಗೆ ಏನಾದರೂ ಆದರೆ ಇಷ್ಟಕ್ಕಿಂತ ಜಾಸ್ತಿ ನಿಮ್ಮನ್ನು ಕೇಳುವುದಿಲ್ಲ’ ಎಂದು ಬಾಡಿಗೆ ಕಂಪನಿ ಬರೆದುಕೊಡುವ ಮಾತು. ಆ ‘ಇಷ್ಟು’ ಇದೆಯಲ್ಲ, ಅದೇ ಎಕ್ಸೆಸ್. ಅಮೆರಿಕದ ಕಡೆ ಡಿಡಕ್ಟಿಬಲ್ ಅಂತಾರೆ. ಯುರೋಪಿನಲ್ಲಿ ಸಾಮಾನ್ಯವಾಗಿ ಬಾಡಿಗೆಯ ಜೊತೆಗೇ ಸಿಡಿಡಬ್ಲ್ಯು ಬಂದಿರುತ್ತದೆ, ಆದರೆ ಎಕ್ಸೆಸ್ ದೊಡ್ಡದಾಗಿರುತ್ತದೆ. ನಿಮ್ಮ ಬುಕಿಂಗ್‌ನ ‘ವಿಮೆ ಸೇರಿದೆ’ ಅನ್ನೋದು ಬಹುಶಃ ಇದೇ. ಅಮೆರಿಕದಲ್ಲಿ ಎಷ್ಟೋ ಬುಕಿಂಗ್‌ಗಳಲ್ಲಿ ಇದೂ ಇರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು.

ಕೌಂಟರಿನವರು ನಿಮಗೆ ಮಾರಿದ್ದು ಆ ಎಕ್ಸೆಸ್ಸನ್ನು ಸೊನ್ನೆಗೋ ಸೊನ್ನೆಯ ಹತ್ತಿರಕ್ಕೋ ಇಳಿಸುವ ಪ್ಯಾಕೇಜು. ಸೂಪರ್, ಪ್ರೀಮಿಯಂ, ಫುಲ್ ಅಂತ ಒಬ್ಬೊಬ್ಬರದು ಒಂದೊಂದು ಹೆಸರು. ಹೆಸರಿನಿಂದ ಏನೂ ಗೊತ್ತಾಗಲ್ಲ. ‘ಇದನ್ನು ತಗೊಂಡ ಮೇಲೆ ನನ್ನ ಕೈಯಿಂದ ಹೋಗುವುದು ಹೆಚ್ಚೆಂದರೆ ಎಷ್ಟು? ಗಾಜು, ಟೈರು ಸೇರಿದೆಯಾ?’ ಅಂತ ಕೇಳಿ. ಎಲ್ಲಿ ಬರೆದಿದೆ ತೋರಿಸಿ ಅನ್ನಿ. ಟ್ಯಾಬ್ಲೆಟ್ ನಿಮ್ಮ ಕಡೆ ತಿರುಗಿಸಿ ‘ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ’ ಅಂತ ಸಹಿ ಹಾಕಿಸುತ್ತಾರಲ್ಲ, ಆ ಮೂರರಲ್ಲಿ ಒಂದು ಪ್ಯಾಕೇಜಿಗೆ ನೀವು ಒಪ್ಪಿದ ಸಹಿಯೂ ಆಗಿರಬಹುದು. ಹಿಂದೆ ಸಾಲಿದೆ ಅಂತ ಅವಸರ ಮಾಡಬೇಡಿ.

ಗಾಜು, ಟೈರು ಅಂತ ಸುಮ್ನೆ ಹೇಳಲಿಲ್ಲ. ಮಾಮೂಲಿ ಸಿಡಿಡಬ್ಲ್ಯುನಲ್ಲಿ ಮುಂದಿನ ಗಾಜು, ಟೈರು, ರಿಮ್ಮು, ಕಾರಿನ ತಳ, ಮೇಲಿನ ಟಾಪು, ಕೀ ಇವೆಲ್ಲ ಹೊರಗೆ ಉಳಿದಿರುವುದು ಸಾಮಾನ್ಯ. ಪೆಟ್ರೋಲ್ ಕಾರಿಗೆ ಡೀಸೆಲ್ ಹಾಕಿಸಿದರಂತೂ ಯಾರೂ ಹತ್ತಿರ ಬರಲ್ಲ. ನನಗೇ ಒಮ್ಮೆ ಆಗಿದೆ. ಮುಂದೆ ಹೋಗುತ್ತಿದ್ದ ಲಾರಿಯ ಚಕ್ರದಿಂದ ಒಂದು ಕಲ್ಲು ಸಿಡಿದು ಟಪ್ ಅಂತು. ಗಾಜಿನ ಮೇಲೆ ಅವರೆಕಾಳಿನಷ್ಟು ಚುಕ್ಕೆ. ಸಂಜೆಗೆ ಅದರಿಂದ ಗೇಣುದ್ದದ ಬಿರುಕು ಹೊರಟಿತ್ತು. ಕಾರು ವಾಪಸ್ ಕೊಟ್ಟಾಗ ಆ ಹುಡುಗ ಬಿರುಕಿನ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೊ ತೆಗೆದ. ‘ಕವರ್ ಇದೆಯಲ್ಲ’ ಅಂದೆ. ‘ಇದೆ, ಗಾಜಿಗಿಲ್ಲ’ ಅಂದ. ಬೇರೆಯವರಿಗೆ ಇದನ್ನೆಲ್ಲ ಹೇಳಿಕೊಡುವವನು ಗಾಜಿನ ದುಡ್ಡು ಕಟ್ಟಿ ಬಂದೆ!

ಹೊರಗೆ ಉಳಿಯುವ ಪಟ್ಟಿ ದೇಶಕ್ಕೊಂದು ಥರ. ಐಸ್‌ಲ್ಯಾಂಡಿನಲ್ಲಿ ಗಾಳಿಗೆ ಕಾರಿನ ಬಾಗಿಲು ಹಿಂದಕ್ಕೆ ಮಡಚಿ ಹಾಳಾಗುವುದು ಎಷ್ಟು ಸಾಮಾನ್ಯ ಅಂದರೆ, ಅದು ಕವರ್ ಆಗುವುದಿಲ್ಲ ಅಂತಲೇ ಕಾಗದದಲ್ಲಿ ಬರೆದಿರುತ್ತಾರೆ. ಅಲ್ಲಿ ಬಾಗಿಲು ತೆಗೆಯುವಾಗ ಒಂದು ಕೈಯಲ್ಲಿ ಹಿಡಿದುಕೊಂಡೇ ಇಳಿಯಬೇಕು. ಮರಳು ಮತ್ತು ಬೂದಿಯ ಗಾಳಿಗೆ ಪೇಂಟು ಸವೆದುಹೋದರೆ ಅದಕ್ಕೆ ಬೇರೆ ಕವರ್. ನದಿ ದಾಟುವಾಗ ಇಂಜಿನ್ನಿಗೆ ನೀರು ನುಗ್ಗಿದರೆ ಸಾಮಾನ್ಯವಾಗಿ ಯಾವ ಕವರೂ ಇಲ್ಲ. ಆಸ್ಟ್ರೇಲಿಯಾದಲ್ಲಿ ಡಾಂಬರಿಲ್ಲದ ರಸ್ತೆಗೆ ಇಳಿದರೆ ಎಷ್ಟೋ ಕಂಪನಿಗಳ ಕವರ್ ಅಲ್ಲಿಗೇ ನಿಲ್ಲುತ್ತದೆ. ಜಪಾನಿನಲ್ಲಿ ಸಿಡಿಡಬ್ಲ್ಯು ಇದ್ದರೂ, ಕಾರು ರಿಪೇರಿಗೆ ನಿಂತಷ್ಟು ದಿನ ಕಂಪನಿಗೆ ಆಗುವ ನಷ್ಟಕ್ಕೆ ‘ನಾನ್-ಆಪರೇಷನ್ ಚಾರ್ಜ್’ ಅಂತ ಬೇರೆ ಕಟ್ಟಬೇಕು. ಕಾರು ನೀವೇ ಓಡಿಸಿಕೊಂಡು ಬಂದರೆ ಕಡಿಮೆ, ಎಳೆದುಕೊಂಡು ಬರಬೇಕಾದರೆ ಜಾಸ್ತಿ. ಸಣ್ಣ ಗುದ್ದಾಟವಾದರೂ ಅಲ್ಲಿ ಪೊಲೀಸರಿಗೆ ಹೇಳಲೇಬೇಕು. ಅವರ ಸರ್ಟಿಫಿಕೇಟ್ ಇಲ್ಲದಿದ್ದರೆ ಕ್ಲೇಮ್ ಇಲ್ಲ.

ಇನ್ನು ನಿಮ್ಮ ಕ್ರೆಡಿಟ್ ಕಾರ್ಡು. ‘ಇದೆಯಂತೆ’ ಅಂದಿರಿ. ಆ ‘ಅಂತೆ’ ಇಟ್ಟುಕೊಂಡು ಹೋಗಬೇಡಿ. ಈ ಕವರ್ ಸಿಗಬೇಕಾದರೆ ಸಾಮಾನ್ಯವಾಗಿ ಪೂರ್ತಿ ಬಾಡಿಗೆ ಅದೇ ಕಾರ್ಡಿನಲ್ಲಿ ಕಟ್ಟಿರಬೇಕು, ಕಾರ್ಡು ಯಾರ ಹೆಸರಲ್ಲಿದೆಯೋ ಅವರ ಹೆಸರಲ್ಲೇ ಕಾರು ಇರಬೇಕು, ಕೌಂಟರಿನ ಸಿಡಿಡಬ್ಲ್ಯುವನ್ನು ಬೇಡ ಅಂದಿರಬೇಕು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಎರಡೂ ಇರಲಿ ಅಂತ ಕೌಂಟರಿನದನ್ನೂ ತಗೊಂಡರೆ ಕಾರ್ಡಿನದು ಹೋಗಿಬಿಡಬಹುದು. ಕೆಲವು ಕಾರ್ಡ್‌ಗಳಲ್ಲಿ ಐರ್ಲೆಂಡ್, ಇಸ್ರೇಲ್, ಜಮೈಕಾದಂಥ ದೇಶಗಳೇ ಹೊರಗೆ. ದೊಡ್ಡ ವ್ಯಾನ್, ಐಷಾರಾಮಿ ಕಾರುಗಳೂ ಹೊರಗೆ ಇರುತ್ತವೆ. ಯಾವ ದೇಶ, ಎಷ್ಟು ದಿನ, ಎಂಥ ಕಾರು ಅಂತ ಬರೆದು ಕಾರ್ಡಿನವರಿಂದ ಈಮೇಲಿನಲ್ಲೇ ಉತ್ತರ ತರಿಸಿಕೊಳ್ಳಿ.

ಟ್ರಾವೆಲ್ ಇನ್ಶೂರೆನ್ಸ್ ಮುಖ್ಯವಾಗಿ ನಿಮ್ಮ ಆಸ್ಪತ್ರೆ ಖರ್ಚು, ಲಗೇಜು, ರದ್ದಾದ ಪ್ರಯಾಣಕ್ಕೆ. ಕೆಲವದರಲ್ಲಿ ಬಾಡಿಗೆ ಕಾರಿನ ಎಕ್ಸೆಸ್ಸಿಗೂ ಒಂದು ಸಾಲು ಇರುತ್ತದೆ, ಹುಡುಕಿ ನೋಡಿ. ಇಲ್ಲದಿದ್ದರೆ ಎಕ್ಸೆಸ್ ಇನ್ಶೂರೆನ್ಸ್ ಅಂತಲೇ ಬೇರೆ ಪಾಲಿಸಿ ಸಿಗುತ್ತದೆ. ಕೌಂಟರಿನ ದರಕ್ಕಿಂತ ಸಾಮಾನ್ಯವಾಗಿ ತುಂಬಾ ಅಗ್ಗ, ಗಾಜು ಟೈರೂ ಎಷ್ಟೋ ಸಲ ಸೇರಿರುತ್ತವೆ. ಕೊಳ್ಳುವ ಮುಂಚೆ, ನೀವು ಇರುವ ದೇಶದವರಿಗೆ ಅವರು ಮಾರುತ್ತಾರಾ ಅಂತ ನೋಡಿಕೊಳ್ಳಿ. ಇನ್ನೊಂದು ತೊಡಕೂ ಇದೆ. ಏನಾದರೂ ಆದರೆ ಬಾಡಿಗೆ ಕಂಪನಿ ಮೊದಲು ನಿಮ್ಮ ಕಾರ್ಡಿನಿಂದಲೇ ದುಡ್ಡು ಎಳೆದುಕೊಳ್ಳುತ್ತದೆ, ನೀವು ಆಮೇಲೆ ಕಾಗದ ಪತ್ರ ಕಳಿಸಿ ಪಾಲಿಸಿಯವರಿಂದ ವಾಪಸ್ ಪಡೆಯಬೇಕು. ಕಾರು ಕೊಡುವಾಗ ಎಕ್ಸೆಸ್ಸಿನಷ್ಟು ದುಡ್ಡನ್ನು ಕಾರ್ಡಿನಲ್ಲಿ ಬ್ಲಾಕ್ ಮಾಡುವುದೂ ತಪ್ಪುವುದಿಲ್ಲ. ಅಷ್ಟು ಲಿಮಿಟ್ ಇಲ್ಲದೆ ಕೌಂಟರಿನಲ್ಲಿ ಸಿಕ್ಕಿಬಿದ್ದವರೇ ಕೊನೆಗೆ ದುಬಾರಿ ಪ್ಯಾಕೇಜು ಕೊಳ್ಳುವುದು.

ಈಗ ಎರಡನೆಯದು, ಥರ್ಡ್ ಪಾರ್ಟಿ. ಕ್ರೆಡಿಟ್ ಕಾರ್ಡಿನ ಕಾರ್ ಕವರ್ ಸಾಮಾನ್ಯವಾಗಿ ಇದನ್ನು ಮುಟ್ಟುವುದೇ ಇಲ್ಲ. ಯುರೋಪಿನಲ್ಲಿ ಕಾನೂನಿನ ಪ್ರಕಾರ ಬಾಡಿಗೆ ಕಾರಿಗೂ ಥರ್ಡ್ ಪಾರ್ಟಿ ಇರಲೇಬೇಕು, ಮೊತ್ತವೂ ದೊಡ್ಡದು. ನ್ಯೂಜಿಲೆಂಡಿನಲ್ಲಿ ಅಪಘಾತದಲ್ಲಿ ಗಾಯವಾದವರ ಚಿಕಿತ್ಸೆಯನ್ನು, ಪ್ರವಾಸಿಗರದ್ದನ್ನೂ ಸೇರಿಸಿ, ಎಸಿಸಿ ಅನ್ನುವ ಸರ್ಕಾರಿ ವ್ಯವಸ್ಥೆ ನೋಡಿಕೊಳ್ಳುತ್ತದೆ. ಅಮೆರಿಕದ ಕಥೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಕೇಳುವ ಥರ್ಡ್ ಪಾರ್ಟಿಯ ಕನಿಷ್ಠ ಮೊತ್ತವನ್ನು 2025ರ ಜನವರಿಯಿಂದ ಏರಿಸಿದ್ದಾರೆ. ಏರಿಸಿದ ಮೇಲೂ ಒಬ್ಬರ ಗಾಯಕ್ಕೆ 30,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 60,000, ಆಸ್ತಿ ನಷ್ಟಕ್ಕೆ 15,000. ಅಲ್ಲಿನ ಆಸ್ಪತ್ರೆ ಬಿಲ್ಲಿನ ಮುಂದೆ ಇದು ಯಾವ ಲೆಕ್ಕ? ಹೊರಗಿನಿಂದ ಹೋದವರಿಗೆ ಅಲ್ಲಿ ಸ್ವಂತ ಪಾಲಿಸಿಯೂ ಇರುವುದಿಲ್ಲ. ಹಾಗಾಗಿ ಅಮೆರಿಕಕ್ಕೆ ಹೋಗುವುದಾದರೆ ಈ ಥರ್ಡ್ ಪಾರ್ಟಿ ಮೊತ್ತವನ್ನು ಏರಿಸುವ ಸಪ್ಲಿಮೆಂಟಲ್ ಲಯಬಿಲಿಟಿ ಇನ್ಶೂರೆನ್ಸ್, ಅಂದರೆ ಎಸ್‌ಎಲ್‌ಐ, ಬುಕಿಂಗ್‌ನಲ್ಲೇ ಸೇರಿದೆಯಾ ನೋಡಿ. ಇಲ್ಲದಿದ್ದರೆ ಕೌಂಟರಿನಲ್ಲಿ ಚೌಕಾಸಿ ಮಾಡದೆ ಅದನ್ನಂತೂ ಕೊಳ್ಳಿ.

ಬೇರೆ ಕಡೆ ಆದರೆ ನಾನು ಬೇರೆ ಎಕ್ಸೆಸ್ ಪಾಲಿಸಿ ಕೊಂಡು, ಕೌಂಟರಿನವರಿಗೆ ನಗುತ್ತಾ ಬೇಡ ಅನ್ನುತ್ತೇನೆ. ಕ್ಲೇಮಿನ ಹಿಂದೆ ಎರಡು ತಿಂಗಳು ಈಮೇಲ್ ಬರೆಯುತ್ತಾ ಕೂರುವುದು ನಿಮ್ಮಿಂದ ಆಗದು ಅಂತಿದ್ದರೆ ಕೌಂಟರಿನದನ್ನೇ ತಗೊಳ್ಳಿ, ಅದೂ ತಪ್ಪಲ್ಲ.

ಪ್ರಶ್ನೆ: ಕಾರು ನನ್ನ ಗಂಡನ ಹೆಸರಲ್ಲಿದೆ. ಅವರಿಗೆ ಸುಸ್ತಾದಾಗ ಒಂದರ್ಧ ಗಂಟೆ ನಾನು ಓಡಿಸಿದರೆ ಏನೂ ಆಗಲ್ಲ ಅಲ್ವಾ? ಲೈಸೆನ್ಸ್ ಇದೆ.

ಉತ್ತರ: ಏನೂ ಆಗದಿದ್ದರೆ ಏನೂ ಆಗಲ್ಲ! ಆದರೆ ಒಪ್ಪಂದದಲ್ಲಿ ಹೆಸರಿಲ್ಲದವರು ಓಡಿಸುವಾಗ ಅಪಘಾತವಾದರೆ ಮೇಲೆ ಹೇಳಿದ ಸಿಡಿಡಬ್ಲ್ಯು, ಎಕ್ಸೆಸ್ ಪಾಲಿಸಿ ಎಲ್ಲ ಕೈಕೊಡುತ್ತವೆ. ಕೌಂಟರಿನಲ್ಲೇ ‘ಅಡಿಷನಲ್ ಡ್ರೈವರ್’ ಅಂತ ಹೆಸರು ಸೇರಿಸಿ. ಕೆಲವು ಕಡೆ ಗಂಡ ಹೆಂಡತಿಗೆ ಅದು ಫ್ರೀ, ಕೇಳಿ ನೋಡಿ.

ಲೈಸೆನ್ಸಿನದೂ ಇದೇ ಕಥೆ. ಅಲ್ಲಿ ನಡೆಯದ ಲೈಸೆನ್ಸ್ ಇಟ್ಟುಕೊಂಡು ಓಡಿಸಿದರೆ ಕವರ್ ಹೋಯಿತು ಅಂತಲೇ ಲೆಕ್ಕ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್‌ನಲ್ಲಿ 1949ರ ಜಿನೀವಾ ಒಪ್ಪಂದದ್ದು, 1968ರ ವಿಯೆನ್ನಾ ಒಪ್ಪಂದದ್ದು ಅಂತ ಬೇರೆ ಬೇರೆ ಇವೆ. ಜಪಾನಿನಲ್ಲಿ 1949ರದ್ದೇ ಬೇಕು. ಅದರ ಅವಧಿ ಒಂದು ವರ್ಷ. ಪರ್ಮಿಟ್ ಇದ್ದರೂ ಊರಿನ ಅಸಲಿ ಲೈಸೆನ್ಸ್ ಜೊತೆಗಿರಬೇಕು.

ಪ್ರಶ್ನೆ: ಕಾರು ವಾಪಸ್ ಕೊಟ್ಟು ಮೂರು ವಾರವಾದ ಮೇಲೆ ರಿಮ್ಮಿನ ಗೀರಿಗೆ ಅಂತ ಕಾರ್ಡಿನಿಂದ ದುಡ್ಡು ಕಡಿತವಾಗಿದೆ. ನಾವು ಮಾಡಿದ್ದಲ್ಲ. ಏನು ಮಾಡಲಿ?

ಉತ್ತರ: ಫೋನಿನಲ್ಲಿ ಜಗಳ ಆಡಬೇಡಿ, ಬರವಣಿಗೆಯಲ್ಲಿ ಕೇಳಿ. ಕಾರು ಕೊಟ್ಟಾಗಿನ ಮತ್ತು ವಾಪಸ್ ತಗೊಂಡಾಗಿನ ಚೆಕ್-ಶೀಟ್, ತಾರೀಕಿರುವ ಫೋಟೊ, ರಿಪೇರಿ ಬಿಲ್ಲು. ಬರೀ ಅಂದಾಜು ಪಟ್ಟಿ ಕಳಿಸಿದರೆ ಬಿಲ್ಲು ಎಲ್ಲಿ ಅಂತ ಮತ್ತೆ ಬರೆಯಿರಿ. ‘ಲಾಸ್ ಆಫ್ ಯೂಸ್’, ‘ಅಡ್ಮಿನ್ ಫೀ’ ಅಂತೇನಾದರೂ ಸೇರಿದ್ದರೆ ಕಾರು ಯಾವ ದಿನಗಳಲ್ಲಿ ನಿಂತಿತ್ತು ಅನ್ನೋದಕ್ಕೆ ದಾಖಲೆ ಕೇಳಿ. ಸರಿಯಾದ ಉತ್ತರ ಬರದಿದ್ದರೆ ಕಾರ್ಡಿನ ಬ್ಯಾಂಕಿನಲ್ಲಿ ಆ ಕಡಿತಕ್ಕೆ ಡಿಸ್ಪ್ಯೂಟ್ ಹಾಕಿ. ಅದಕ್ಕೆ ಗಡುವು ಇರುತ್ತದೆ, ತಡ ಮಾಡಬೇಡಿ. ಎಕ್ಸೆಸ್ ಪಾಲಿಸಿ ಇದ್ದರೆ ಅವರಿಗೂ ಇವತ್ತೇ ಒಂದು ಈಮೇಲ್ ಹಾಕಿ.

ಮುಂದಿನ ಸಲ ಕಾರು ತಗೊಳ್ಳುವಾಗಲೂ ಕೊಡುವಾಗಲೂ ಸುತ್ತ ಒಂದು ವೀಡಿಯೊ ಮಾಡಿ. ನಾಲ್ಕು ರಿಮ್ಮಿನ ಹತ್ತಿರವೂ ಬಗ್ಗಿ ನಿಧಾನಕ್ಕೆ ತೆಗೆಯಿರಿ, ಗೀರು ಸಿಗುವುದು ಅಲ್ಲೇ. ಕೊನೆಗೆ ಡ್ಯಾಶ್‌ಬೋರ್ಡಿನ ಕಿಲೋಮೀಟರ್, ಪೆಟ್ರೋಲ್ ಮುಳ್ಳು ಕಾಣಲಿ. ರಾತ್ರಿ ಯಾರೂ ಇಲ್ಲದಾಗ ಕೀಯನ್ನು ಡಬ್ಬಕ್ಕೆ ಹಾಕಿ ಬರುವುದಾದರೆ, ಕೀ ಡಬ್ಬಕ್ಕೆ ಬೀಳುವುದನ್ನೂ ಅದೇ ವೀಡಿಯೊದಲ್ಲಿ ಹಿಡಿಯಿರಿ.