ಮೇ ತಿಂಗಳಲ್ಲಿ ಕಲಬುರಗಿಯಿಂದ ಬೀದರ್‌ಗೆ ಹೋಗಬಹುದಾ? ಅಲ್ಲಿ ತಂಪು ಅಂತಾರಲ್ಲ?

ಹೋಗಬಹುದು, ಆದರೆ ತಂಪನ್ನು ನಂಬಿಕೊಂಡು ಹೋಗಬೇಡಿ. ಬೀದರ್ ಎತ್ತರದ ಬಯಲಿನ ಮೇಲಿದೆ, ಕಲಬುರಗಿಗಿಂತ ಸುಮಾರು 200 ಮೀಟರ್ ಮೇಲೆ. ಪ್ರತಿ 100 ಮೀಟರ್ ಏರಿದರೆ ಬಿಸಿ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಇಳಿಯುತ್ತದೆ, ಅಂದರೆ ನಿಮಗೆ ಸಿಗುವುದು ಹೆಚ್ಚುಕಮ್ಮಿ ಒಂದು ಡಿಗ್ರಿ ಲಾಭ. ಮೇ ಬಿಸಿಲಿಗೆ ಅದು ಯಾವ ಲೆಕ್ಕ!

ಹಾಗಾಗಿ ಸಮಯ ನೋಡಿಕೊಂಡು ತಿರುಗಿ. ಕೋಟೆ ಬಹಳ ದೊಡ್ಡದು, ನೆರಳು ಕಡಿಮೆ, ಕಲ್ಲು ಬೇರೆ ಕಾದಿರುತ್ತದೆ. ಅದನ್ನು ಬೆಳಿಗ್ಗೆಯೇ ಮುಗಿಸಿಬಿಡಿ. ಜಂಬಿಟ್ಟಿಗೆ ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕ ನೋಡದೆ ಬರಬೇಡಿ. ಒಳಗಿನ ರಂಗೀನ್ ಮಹಲ್‌ನಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಇದೆ, ನನಗಂತೂ ಇಡೀ ಕೋಟೆಯಲ್ಲಿ ಅದೇ ಇಷ್ಟ. ಬಾಗಿಲಿಗೆ ಬೀಗ ಇದ್ದರೆ ಸುಮ್ನೆ ವಾಪಸ್ ಬರಬೇಡಿ, ಅಲ್ಲಿನ ಸಿಬ್ಬಂದಿಯನ್ನು ಕೇಳಿ ನೋಡಿ.

ಮಧ್ಯಾಹ್ನ ಊಟ ಮಾಡಿ ಬಿದರಿ ಅಂಗಡಿಗಳಲ್ಲಿ ಕಾಲ ಕಳೆಯಿರಿ. ಬಿಸಿಲು ಇಳಿದ ಮೇಲೆ ಮಹಮೂದ್ ಗವಾನ್ ಮದ್ರಸಾ ನೋಡಿ, ಅಲ್ಲಿಂದ ಅಷ್ಟೂರಿನ ಬಹಮನಿ ಗೋರಿಗಳಿಗೆ ಹೋಗಿ. ಅಹ್ಮದ್ ಶಾಹನ ಗೋರಿಯ ಒಳಗೋಡೆ, ಚಾವಣಿ ತುಂಬಾ ಬಣ್ಣದ ಚಿತ್ತಾರ ಇದೆ. ಒಳಗೆ ಕತ್ತಲು, ಟಾರ್ಚ್ ಇರಲಿ.

2017ರಿಂದ ಕಲಬುರಗಿ–ಬೀದರ್ ನೇರ ರೈಲು ಮಾರ್ಗ ಇದೆ, ಆದರೆ ವೇಳೆ ಹೊಂದುತ್ತದಾ ನೋಡಿಕೊಳ್ಳಿ. ಹೊಂದದಿದ್ದರೆ ಹುಮನಾಬಾದ್ ಮೇಲೆ ಹೋಗುವ ಬಸ್ಸೇ ಸರಿ. ರಜೆ ಮುಂದೂಡಲು ಆಗುತ್ತೆ ಅಂದ್ರೆ ಮಳೆ ಮುಗಿದ ಮೇಲೆ, ಅಕ್ಟೋಬರ್‌ನಿಂದ ಫೆಬ್ರವರಿ ಒಳಗೆ ಹೋಗಿ.