256ನೇ ಲನ್ 16640 ಆಗಿದ್ದು ಹೇಗೆ?

ಪ್ರಶ್ನೆ: ಸ್ಟೋರೇಜ್ ಅರೇಯಿಂದ (ಹಲವು ಡಿಸ್ಕ್‌ಗಳಿರುವ ಪೆಟ್ಟಿಗೆ) ಒಂದೇ ಸರ್ವರ್‌ಗೆ ಸಿಕ್ಕಾಪಟ್ಟೆ ಲನ್ (LUN, ಅರೇ ಸರ್ವರ್‌ಗೆ ನಂಬರು ಹಾಕಿ ಕೊಡುವ ಡಿಸ್ಕ್) ಮ್ಯಾಪ್ ಮಾಡಿದ್ದೇವೆ. 255ರವರೆಗೆ ಲಿನಕ್ಸ್ ಸರಿಯಾದ ನಂಬರನ್ನೇ ತೋರಿಸುತ್ತದೆ. ಮುಂದಿನದು ಮಾತ್ರ 256 ಅನ್ನೋ ಬದಲು 16640 ಅಂತ ಬರುತ್ತಿದೆ. ಡ್ರೈವರ್ ಬದಲಾಯಿಸಬೇಕಾ?

ಉತ್ತರ: ಡ್ರೈವರ್‌ಗೆ ಕೈ ಹಾಕಬೇಡಿ, ಅದು ಸರಿಯಾಗೇ ಇದೆ. 16640ರಲ್ಲಿ 16384 ಕಳೆಯಿರಿ, 256 ಬಂತಲ್ವಾ?

ಹಳೇ ಪ್ಯಾರಲಲ್ ಸ್ಕಸಿಯಲ್ಲಿ (SCSI, ಡಿಸ್ಕ್‌ಗಳ ಜೊತೆ ಮಾತಾಡೋ ನಿಯಮಾವಳಿ) ಲನ್ ನಂಬರಿಗೆ ಇದ್ದದ್ದು ಬರೀ 3 ಬಿಟ್, 0ಯಿಂದ 7ರವರೆಗೆ ಅಷ್ಟೇ. ಈಗ 64 ಬಿಟ್ ಇದೆ, ಆದರೆ ಅಷ್ಟೂ ನಂಬರಿಗಲ್ಲ. ಮೊದಲ ಬೈಟಿನ ಮೇಲಿನ 2 ಬಿಟ್‌ಗಳು ಈ ವಿಳಾಸವನ್ನು ಹೇಗೆ ಓದಬೇಕು ಅಂತ ಹೇಳುತ್ತವೆ. ಅಲ್ಲಿ 00 ಇದ್ದರೆ ಪೆರಿಫೆರಲ್ ಪದ್ಧತಿ, ನಂಬರಿಗೆ 8 ಬಿಟ್, 255ಕ್ಕೆ ಮುಗೀತು. 01 ಇದ್ದರೆ ಫ್ಲಾಟ್ ಸ್ಪೇಸ್, 14 ಬಿಟ್, 16383ರವರೆಗೆ ಹೋಗಬಹುದು. ನಿಮ್ಮ ಅರೇ 255 ದಾಟಿದ ಕೂಡಲೇ ಫ್ಲಾಟ್‌ಗೆ ಹೊರಳಿದೆ, ಲಿನಕ್ಸ್ ಆ 2 ಬಿಟ್ಟನ್ನೂ (ಅಲ್ಲಿನ 01ರ ಬೆಲೆ 16384) ಸೇರಿಸಿಕೊಂಡು ಒಂದೇ ಸಂಖ್ಯೆಯಾಗಿ ಓದಿದೆ. ಕೆಲವು ಅರೇಗಳು ಮೊದಲಿಂದಲೇ ಫ್ಲಾಟ್ ಬಳಸುತ್ತವೆ, ಅಲ್ಲಿ ಲನ್ 1 ಕೂಡ 16385 ಅಂತಲೇ ಕಾಣುತ್ತದೆ. ನೋಡೋಕೆ ವಿಚಿತ್ರ, ನಿಜ. ಆದರೆ ಅರೇ ಕೊಟ್ಟ ವಿಳಾಸವನ್ನೇ ಪ್ರತಿ ಕಮಾಂಡ್ ಜೊತೆ ವಾಪಸ್ ಕಳಿಸಬೇಕಲ್ವಾ, ಹಾಗಾಗಿ ಆ ಬಿಟ್‌ಗಳನ್ನು ಕತ್ತರಿಸದೆ ಇಟ್ಟುಕೊಳ್ಳೋದೇ ಒಳ್ಳೆಯದು ಅಂತ ನನಗನ್ನಿಸುತ್ತೆ.

ತೊಂದರೆ ಬರೋದು ಬೇರೆ ಕಡೆ. ಎಚ್‌ಬಿಎ (ಸರ್ವರನ್ನು ಸ್ಟೋರೇಜಿಗೆ ಜೋಡಿಸುವ ಕಾರ್ಡ್) ಡ್ರೈವರ್‌ಗೆ ಗರಿಷ್ಠ ಲನ್ ಅಂತ ಒಂದು ಮಿತಿ ಇರುತ್ತದೆ. ಆ ಮಿತಿ 255 ಆಗಿದ್ದರೆ 16640 ಅನ್ನೋ ಲನ್ ಪಟ್ಟಿಯಲ್ಲಿ ಬಂದರೂ ಕರ್ನಲ್ ಅದನ್ನು ಬಿಟ್ಟುಬಿಡುತ್ತದೆ, ಲಾಗ್‌ನಲ್ಲಿ ಒಂದು ಸಾಲು ಬರೆದು ಸುಮ್ನಾಗುತ್ತದೆ. ಡಿಸ್ಕ್ ಕಾಣದಿದ್ದರೆ ಕೇಬಲ್ ಎಳೆಯೋ ಮುಂಚೆ ಆ ಸಾಲು ಹುಡುಕಿ.

ಇನ್ನೊಂದು ಮಾತು, ಸ್ಕ್ರಿಪ್ಟ್‌ಗಳಲ್ಲಿ ಲನ್ ನಂಬರನ್ನೋ ಲಿನಕ್ಸ್ ಡಿಸ್ಕಿಗೆ ಇಡುವ ಎಸ್‌ಡಿಎ, ಎಸ್‌ಡಿಬಿ ಹೆಸರನ್ನೋ ನಂಬಬೇಡಿ. ರೀಬೂಟ್ ಆದರೆ ಹೆಸರು ಬದಲಾಗಬಹುದು, ಮ್ಯಾಪಿಂಗ್ ಬದಲಿಸಿದರೆ ನಂಬರೂ ಬದಲಾಗುತ್ತದೆ. ಡಿಸ್ಕಿನ ವಿವರ ಕೇಳುವ ಇನ್‌ಕ್ವೈರಿ ಕಮಾಂಡಿನ 83 (ಹೆಕ್ಸ್) ನಂಬರಿನ ಪೇಜಿನಲ್ಲಿ ಪ್ರತಿ ಲನ್‌ಗೂ ಅದರದ್ದೇ ಐಡಿ ಇರುತ್ತದೆ. ಎರಡು ದಾರಿಯಲ್ಲಿ ಕಾಣುವ ಡಿಸ್ಕ್ ಒಂದೇ ಅಂತ ಮಲ್ಟಿಪಾತ್ ಸಾಫ್ಟ್‌ವೇರ್ ಗುರುತು ಹಿಡಿಯೋದೂ ಈ ಐಡಿಯಿಂದಲೇ.

ಪ್ರಶ್ನೆ: ಲನ್ 0ಗೆ ಡಿಸ್ಕ್ ಕೊಡಲೇಬೇಕಾ?

ಉತ್ತರ: ಡಿಸ್ಕ್ ಬೇಕಿಲ್ಲ, ಉತ್ತರ ಕೊಡೋಕೆ ಯಾರಾದರೂ ಇರಬೇಕು ಅಷ್ಟೇ. ಯಾವ್ಯಾವ ಲನ್ ಇವೆ ಅಂತ ಕೇಳೋಕೆ ಕರ್ನಲ್ ರಿಪೋರ್ಟ್ ಲನ್ಸ್ ಕಮಾಂಡ್ ಕಳಿಸೋದು ಸಾಮಾನ್ಯವಾಗಿ ಲನ್ 0ಗೆ. ಡಿಸ್ಕ್ ಇಲ್ಲದಿದ್ದರೂ ಅರೇ ಅಲ್ಲಿಂದ ಪಟ್ಟಿ ಕೊಟ್ಟರೆ ಸಾಕು.