ತಲೆಕೆಳಗಿನ ಪುಟ, ಎದುರು ಸೀಟಿನ ಅಜ್ಜಿ

ಪ್ರಶ್ನೆ: ದಿನಾ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವನು ನಾನು. ಗೆಳೆಯ ಕೊಟ್ಟ ‘ಹೌಸ್ ಆಫ್ ಲೀವ್ಸ್’ ಕಾದಂಬರಿ ಹಿಡಿದು ಎರಡು ತಿಂಗಳಾಯಿತು. ಅಡಿಟಿಪ್ಪಣಿಯ ಹಿಂದೆ ಹೋದರೆ ಕಥೆ ತಪ್ಪುತ್ತದೆ, ಕಥೆ ಹಿಡಿದರೆ ಟಿಪ್ಪಣಿ. ಮೊನ್ನೆ ನಿಡವಂದದ ಹತ್ತಿರ ಪುಸ್ತಕ ತಲೆಕೆಳಗು ಮಾಡಿ ಓದುತ್ತಿದ್ದೆ. ಎದುರಿಗಿದ್ದ ಅಜ್ಜಿ ‘ಏನಪ್ಪಾ, ಓದಕ್ಕೆ ಬರಲ್ವಾ?’ ಅಂದರು. ಇದರಲ್ಲಿ ಯಾರ ಮಾತು ನಂಬುವುದು? ಎಲ್ಲವನ್ನೂ ಓದಲೇಬೇಕಾ?
— ಶಿರಾ ಗೇಟ್ ಓದುಗ, ತುಮಕೂರು

ಉತ್ತರ: ಅಜ್ಜಿ ಕೇಳಿದ್ದರಲ್ಲಿ ತಪ್ಪೇನಿಲ್ಲ ಬಿಡಿ. ಮೊದಲ ಸಲ, ಟಿಪ್ಪಣಿಗಳು ತಲೆಕೆಳಗಾಗುವ ಒಂಬತ್ತನೇ ಅಧ್ಯಾಯಕ್ಕೆ ಬಂದಾಗ ನಾನೂ ಪುಸ್ತಕ ಮಡಚಿ ಅಟ್ಟಕ್ಕೆ ಹಾಕಿದವನೇ.

ನನಗೆ ದಾರಿ ತೋರಿಸಿದ್ದು ಗುಬ್ಬಿ ಕಡೆಯ ನಮ್ಮ ಹಳ್ಳಿಯ ಗಮಕ. ಶ್ರಾವಣದಲ್ಲಿ ದೇವಸ್ಥಾನದ ಜಗಲಿಯ ಮೇಲೆ ಭಾರತ ವಾಚನ. ಒಬ್ಬರು ಪದ್ಯ ಹಾಡುವುದು, ಇನ್ನೊಬ್ಬರು ಅರ್ಥ ಹೇಳುವುದು. ಅರ್ಥ ಹೇಳುವ ಮೇಷ್ಟ್ರಿಗೆ ದಾಯಾದಿಗಳ ಮಾತು ಬಂತೆಂದರೆ ತಮ್ಮ ಹೊಲದ ಬದುವಿನ ವ್ಯಾಜ್ಯ ನೆನಪಾಗುತ್ತಿತ್ತು. ಪಾಂಡವರು ಕಾಡಿನಲ್ಲಿ ಕಾಯುತ್ತಿರುವಾಗ ನಾವು ಮೇಷ್ಟ್ರ ಜೊತೆ ತಾಲ್ಲೂಕು ಕಚೇರಿಯಲ್ಲಿರುತ್ತಿದ್ದೆವು. ನಿಜ ಹೇಳಬೇಕೆಂದರೆ ಅರ್ಧ ಜನ ಬರುತ್ತಿದ್ದದ್ದೇ ಅದಕ್ಕೆ.

ಮಾರ್ಕ್ ಡೇನಿಯಲೆವ್‌ಸ್ಕಿ 2000ರಲ್ಲಿ ಹೊರತಂದ ಈ ಕಾದಂಬರಿಯ ಜಾನಿ ಟ್ರುಯಂಟ್ ಅಂಥ ಮೇಷ್ಟ್ರು. ನಾವಿಡ್ಸನ್ ಎಂಬ ಛಾಯಾಗ್ರಾಹಕ ವರ್ಜೀನಿಯಾದ ತನ್ನ ಮನೆಯ ಬಗ್ಗೆ ಒಂದು ಸಾಕ್ಷ್ಯಚಿತ್ರ ತೆಗೆದಿದ್ದಾನೆ. ಅದರ ಮೇಲೆ ಝಂಪಾನೋ ಎಂಬ ಮುದುಕ ದೊಡ್ಡ ಗ್ರಂಥವನ್ನೇ ಬರೆದಿಟ್ಟು ಸತ್ತಿದ್ದಾನೆ. ಆ ಹಾಳೆಗಳನ್ನು ಜೋಡಿಸಿ, ಅಡಿಯಲ್ಲಿ ತನ್ನ ಗೋಳನ್ನೂ ತೋಡಿಕೊಳ್ಳುವವನು ಜಾನಿ, ಹಚ್ಚೆ ಅಂಗಡಿಯ ಹುಡುಗ. ಇವರೆಲ್ಲರ ಮೇಲೆ ಹೆಸರಿಲ್ಲದ ಸಂಪಾದಕರು. ಗುರುತು ಹಿಡಿಯಲು ಅಚ್ಚಿನ ಅಕ್ಷರ ನೋಡಿ: ಟೈಪ್‌ರೈಟರಿನದರಂತೆ ಕಂಡರೆ ಅದು ಜಾನಿ.

ನಂಬುವುದು ಯಾರನ್ನೂ ಇಲ್ಲ. ಅಂಥ ಚಿತ್ರವೇ ಇಲ್ಲವೆಂದು ಜಾನಿ ಶುರುವಿನಲ್ಲೇ ಹೇಳುತ್ತಾನೆ. ಅದನ್ನು ನೋಡಿ ವಿಮರ್ಶೆ ಬರೆದ ಝಂಪಾನೋ ಕುರುಡ! ಜಾನಿಯಾದರೂ ಸಾಚಾನಾ? ಮುದುಕ ಒಂದು ಕಡೆ ಬರೀ ‘ಹೀಟರ್’ ಅಂತ ಬರೆದಿದ್ದನಂತೆ. ಆ ದಿನ ತನ್ನ ಬಚ್ಚಲಲ್ಲಿ ಬಿಸಿನೀರು ಬರಲಿಲ್ಲವೆಂದು ಇವನು ಅದರ ಹಿಂದೆ ‘ವಾಟರ್’ ಸೇರಿಸಿದನಂತೆ. ಅವನೇ ಒಪ್ಪಿಕೊಳ್ಳುತ್ತಾನೆ. ಓದಿ ನಕ್ಕೆ. ಆಮೇಲೆ ಮೊದಲ ಪುಟದಿಂದ ಮತ್ತೆ ತಿರುವಿದೆ, ಇನ್ನೆಲ್ಲೆಲ್ಲಿ ಕೈಯಾಡಿಸಿದ್ದಾನೋ ಅಂತ.

ಹೆಸರುಗಳ ಪಟ್ಟಿ, ಕಟ್ಟಡಗಳ ಪಟ್ಟಿ ಬಂದರೆ ಧಾರಾಳವಾಗಿ ಹಾರಿಸಿ. ಜಾನಿಯ ಟಿಪ್ಪಣಿ ಮಾತ್ರ ಬಿಡಬೇಡಿ. ಅವನ ತಾಯಿ ಆಸ್ಪತ್ರೆಯಿಂದ ಬರೆದ ಪತ್ರಗಳು ಪುಸ್ತಕದ ಕೊನೆಗಿರುವ ಅನುಬಂಧಗಳಲ್ಲಿವೆ. ನಡುವೆ ಸಂಪಾದಕರು ‘ಹೋಗಿ ನೋಡಿ’ ಅನ್ನುತ್ತಾರೆ, ಆಗಲೇ ಹೋಗಿ. ನಾನು ತಡಮಾಡಿ ಕೆಟ್ಟೆ. ಗುರುತಿಗೆ ಒಂದು ಕಡೆ ರೈಲ್ವೆ ಪಾಸ್ ಇಡಿ, ಇನ್ನೊಂದು ಕಡೆ ಬಸ್ ಟಿಕೆಟ್. ಒಂಬತ್ತನೇ ಅಧ್ಯಾಯವನ್ನು ಭಾನುವಾರ ಮನೆಯಲ್ಲಿ, ಮೇಜಿನ ಮೇಲೆ ಹರಡಿಕೊಂಡು ಓದಿ. ಅಲ್ಲಿಂದ ಮುಂದೆ ಪುಟಕ್ಕೆ ನಾಲ್ಕೈದೇ ಪದ ಇರುವ ಜಾಗಗಳಿವೆ, ಕ್ಯಾತ್ಸಂದ್ರ ಬರುವಷ್ಟರಲ್ಲಿ ಐವತ್ತು ಪುಟ ಮುಗಿದಿರುತ್ತದೆ.

ಗೆಳೆಯ ಕೊಟ್ಟಿದ್ದು ಜೆರಾಕ್ಸ್ ಪ್ರತಿಯಲ್ಲ ತಾನೇ? ಬಣ್ಣದ ಪ್ರತಿಯಲ್ಲಿ ‘ಹೌಸ್’ ಎಂಬ ಪದ ಎಲ್ಲಿ ಬಂದರೂ ನೀಲಿ, ಪ್ರಕಾಶಕರಾದ ರಾಂಡಮ್ ಹೌಸ್ ಹೆಸರಿನಲ್ಲೂ. ಜೆರಾಕ್ಸಾದರೆ ವಾಪಸ್ ಕೊಟ್ಟುಬಿಡಿ.

ಪ್ರಶ್ನೆ: ಅದೇ ಪುಸ್ತಕ ನಾನೂ ಶುರು ಮಾಡಿದ್ದೇನೆ. ನೂರು ಪುಟವಾದರೂ ದೆವ್ವ ಬಂದಿಲ್ಲ. ಹೆದರುವುದು ಯಾತಕ್ಕೆ?
— ಓದುಗಿ, ಚಿಂತಾಮಣಿ

ಉತ್ತರ: ಅಳತೆಯ ಟೇಪಿಗೆ ಹೆದರಿ. ನಾವಿಡ್ಸನ್ ಮನೆಯವರು ಪರಊರಿಗೆ ಹೋಗಿ ಬರುವಷ್ಟರಲ್ಲಿ ಎರಡು ಕೋಣೆಗಳ ನಡುವೆ ಇಲ್ಲದ ಜಾಗವೊಂದು ಬಂದು ಕೂತಿರುತ್ತದೆ. ಅಳೆದರೆ ಮನೆಯ ಒಳಗು ಹೊರಗಿಗಿಂತ ಕಾಲು ಇಂಚು ಜಾಸ್ತಿ. ಹೊರಗೆ ಜಾಸ್ತಿಯಿದ್ದರೆ ಗೋಡೆಯ ದಪ್ಪ ಅನ್ನಬಹುದು, ಒಳಗೆ ಜಾಸ್ತಿಯಿದ್ದರೆ ಯಾವ ಮೇಸ್ತ್ರಿಯನ್ನು ಕೇಳುವುದು?

ಓದಿದ ವಾರವೇ ನಮ್ಮ ಮನೆಯನ್ನೂ ಅಳೆದೆ. ಹೊರಗೆ 30 ಅಡಿ, ಒಳಗೆ 28 ಅಡಿ 5 ಇಂಚು. 9 ಇಂಚಿನ ಗೋಡೆ ಎರಡು, ಉಳಿದಿದ್ದು ಗಾರೆ. ಲೆಕ್ಕ ಸರಿಹೋಯಿತು. ಟೇಪಿನ ಆ ತುದಿ ಹಿಡಿದಿದ್ದ ನಮ್ಮ ಮನೆಯವರು ‘ಯಾಕ್ರೀ, ಮನೆ ಮಾರ್ತೀರಾ?’ ಅಂದರು.